ಅಂಚಿಲ್ಲದ ಲೆಕ್ಕ ಬರೆದ ಎರ್ಲಾಂಗ್

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಎರ್ಲಾಂಗ್ ಎಂಬ ಪದ ಹೊಸದಲ್ಲ. ವೈರ್‌ಲೆಸ್ ಪೇಪರ್‌ನಲ್ಲಿ ಎರ್ಲಾಂಗ್-ಬಿ ಸೂತ್ರ ಬರೆದು, ಪಟ್ಟಿ ನೋಡಿ ಉತ್ತರ ತುಂಬಿ, ಪರೀಕ್ಷೆ ಮುಗಿದ ಸಂಜೆಯೇ ಮರೆತುಬಿಡುವ ಪದ ಅದು. ನಾನಂತೂ ಅದನ್ನು ವೋಲ್ಟ್, ಆಂಪಿಯರ್ ಥರದ ಒಂದು ಅಳತೆ ಎಂದಷ್ಟೇ ತಿಳಿದಿದ್ದೆ. ಆ ಅಳತೆಯ ಹಿಂದೆ ಒಬ್ಬ ಮನುಷ್ಯ ಇದ್ದ ಅನ್ನುವುದು ಹೊಳೆದದ್ದು ಕೊನೆಯ ವರ್ಷದ ಪ್ರಾಜೆಕ್ಟ್ ಕೈಕೊಟ್ಟಾಗ.

ನಾವು ನಾಲ್ವರು ಗೆಳೆಯರು ಸೇರಿ ಮೊಬೈಲ್ ಜಾಲದ ಸಿಮ್ಯುಲೇಶನ್ ಬರೆದಿದ್ದೆವು. ಜೇನುಗೂಡಿನ ಕೋಣೆಗಳಂತೆ ಒಂದಕ್ಕೊಂದು ಅಂಟಿಕೊಂಡ ಏಳು ಷಟ್ಕೋನಗಳು. ಪ್ರತಿಯೊಂದರ ನಡುವೆ ಒಂದು ಟವರ್. ಕಂಪ್ಯೂಟರಿನೊಳಗೆ ಅಡ್ಡಾಡುವ ಕಾಲ್ಪನಿಕ ಚಂದಾದಾರರು ಕರೆ ಮಾಡುತ್ತಾರೆ, ಮಾತಾಡುತ್ತಾಡುತ್ತಲೇ ಪಕ್ಕದ ಸೆಲ್‌ಗೆ ನಡೆದುಹೋಗುತ್ತಾರೆ. ಅಲ್ಲಿ ಚಾನೆಲ್ ಖಾಲಿ ಇದ್ದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ಕಟ್. ಹೀಗೆ ಎಷ್ಟು ಕರೆ ಕಟ್ ಆಗುತ್ತವೆ ಎಂದು ಎಣಿಸುವುದೇ ನಮ್ಮ ಪ್ರಾಜೆಕ್ಟ್. ಫಲಿತಾಂಶ ಬಹಳ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಎಂದರೆ, ನಮ್ಮೂರಿನಲ್ಲಿ ತಾರಸಿಯ ಒಂದೇ ಮೂಲೆಯಲ್ಲಿ ನಿಂತು ಮಾತಾಡುವ ನನಗೇ ನಂಬಿಕೆ ಬರಲಿಲ್ಲ. ಗೈಡ್ ಮೇಡಂ ಗ್ರಾಫನ್ನು ನೋಡಿ ಹೆಚ್ಚೇನೂ ಹೇಳಲಿಲ್ಲ. ಉಳಿದ ಆರು ಸೆಲ್ ತೆಗೆದುಹಾಕಿ, ಯಾರನ್ನೂ ನಡೆದಾಡಲು ಬಿಡದೆ, ಒಂದೇ ಸೆಲ್ ಇಟ್ಟು ಎರ್ಲಾಂಗ್ ಪಟ್ಟಿಯೊಂದಿಗೆ ತಾಳೆ ನೋಡಲು ಹೇಳಿ ಕಳುಹಿಸಿದರು. ನೋಡಿದೆವು. ತಾಳೆಯಾಗಲಿಲ್ಲ. ಅಂದು ರಾತ್ರಿ ಹಾಸ್ಟೆಲಿನಲ್ಲಿ ಕೂತು, ನೂರು ವರ್ಷದ ಹಿಂದಿನ ಲೆಕ್ಕದಿಂದ ನಮ್ಮನ್ನು ಹೀಗೆ ಹಿಡಿದುಹಾಕಿದ ಈ ಎರ್ಲಾಂಗ್ ಯಾರು ಎಂದು ಹುಡುಕತೊಡಗಿದೆ.

ಆಗ್ನರ್ ಕ್ರಾರುಪ್ ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಜಟ್‌ಲ್ಯಾಂಡ್ ಭಾಗದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಊರ ಶಾಲೆಯ ಮೇಷ್ಟ್ರು, ಜೊತೆಗೆ ಚರ್ಚಿನ ಗುಮಾಸ್ತ. ತಾಯಿ ಪಾದ್ರಿಗಳ ಮನೆತನದವರು. ಆಕೆಯ ಪೂರ್ವಿಕರಲ್ಲಿ ಥಾಮಸ್ ಫಿಂಕೆ ಎಂಬ ಗಣಿತಜ್ಞನಿದ್ದ. ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು 1583ರಲ್ಲಿ ಪುಸ್ತಕಕ್ಕೆ ತಂದವನು ಅವನೇ. ಮನೆಯಲ್ಲಿ ನಾಲ್ಕು ಮಕ್ಕಳು: ಎರಡು ವರ್ಷ ದೊಡ್ಡವನಾದ ಅಣ್ಣ ಫ್ರೆಡರಿಕ್, ಆಗ್ನರ್, ಇಬ್ಬರು ತಂಗಿಯರು. ಶಾಲೆ, ಮನೆ ಎರಡೂ ಒಂದೇ ಕಡೆ, ಮೇಷ್ಟ್ರೂ ಅಪ್ಪನೇ.

ಆ ಮನೆಯ ಸಂಜೆಗಳ ಒಂದು ಚಿತ್ರ ನನಗೆ ಬಹಳ ಇಷ್ಟ. ಅಣ್ಣ ಮೇಜಿನ ಮುಂದೆ ಪುಸ್ತಕ ಬಿಡಿಸಿಕೊಂಡು ಓದುತ್ತಿದ್ದರೆ, ತಮ್ಮ ಎದುರು ಬದಿಯಲ್ಲಿ ಕೂತು ಅದೇ ಪುಟವನ್ನು ತಲೆಕೆಳಗಾಗಿ ಓದುತ್ತಿದ್ದನಂತೆ. ಒಂದೇ ಪುಸ್ತಕ, ಇಬ್ಬರು ಓದುಗರು, ಯಾರೂ ಯಾರಿಗೂ ಕಾಯಬೇಕಿಲ್ಲ. ಮುಂದೆ ಇರುವಷ್ಟೇ ಲೈನುಗಳನ್ನು ಹೆಚ್ಚು ಜನರಿಗೆ ಹಂಚುವ ಲೆಕ್ಕದಲ್ಲೇ ಬದುಕು ಕಳೆದವನ ಬಾಲ್ಯ ಹೀಗಿತ್ತು ಅನ್ನುವಾಗ ಸ್ವಲ್ಪ ನಗು ಬರುತ್ತದೆ. ಹುಡುಗನಿಗೆ ಖಗೋಳವೆಂದರೆ ಪ್ರಾಣ. ನಕ್ಷತ್ರಗಳ ಮೇಲೆ ಪದ್ಯಗಳನ್ನೂ ಬರೆಯುತ್ತಿದ್ದ.

ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್‌ಗೆ ಹೋಗಿ ವಿಶ್ವವಿದ್ಯಾಲಯದ ಪ್ರಾಥಮಿಕ ಪರೀಕ್ಷೆ ಬರೆದ. ಪರೀಕ್ಷೆಗೆ ಬೇಕಾದ ವಯಸ್ಸು ಆಗಿರಲಿಲ್ಲ, ಅದಕ್ಕೆ ವಿಶೇಷ ಅನುಮತಿ ಪಡೆಯಬೇಕಾಯಿತು. ಒಳ್ಳೆಯ ದರ್ಜೆಯಲ್ಲಿ ಪಾಸಾದ. ಪಾಸಾದವನು ನೇರ ಮುಂದಕ್ಕೆ ಓದಲಿಲ್ಲ. ಊರಿಗೆ ವಾಪಸ್ ಬಂದು ಅಪ್ಪನ ಶಾಲೆಯಲ್ಲೇ ಎರಡು ವರ್ಷ ಸಹಾಯಕ ಮೇಷ್ಟ್ರಾಗಿ ಪಾಠ ಹೇಳಿದ, ಬಿಡುವಿನಲ್ಲಿ ಫ್ರೆಂಚ್, ಲ್ಯಾಟಿನ್ ಕಲಿತ. ಮತ್ತೆರಡು ವರ್ಷ ಹಿಲ್ಲರೋಡ್ ಊರಿನ ಶಾಲೆಯಲ್ಲಿ ಓದಿ, 1896ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯನ್ನು ಮತ್ತೆ ಒಳ್ಳೆಯ ದರ್ಜೆಯಲ್ಲೇ ಮುಗಿಸಿದ. ಮನೆಯಲ್ಲಿ ಹಣವಿರಲಿಲ್ಲ, ವಿದ್ಯಾರ್ಥಿವೇತನ ಸಿಕ್ಕಿತು. 1901ರಲ್ಲಿ ಗಣಿತ ಮುಖ್ಯ ವಿಷಯವಾಗಿ, ಖಗೋಳ, ಭೌತ, ರಸಾಯನ ವಿಜ್ಞಾನಗಳು ಜೊತೆ ವಿಷಯವಾಗಿ ಪದವಿ ಬಂತು.

ಇಷ್ಟೆಲ್ಲ ಆದ ಮೇಲೆ ಏನು ಕೆಲಸ ಸಿಕ್ಕಿತು? ಮತ್ತೆ ಮೇಷ್ಟ್ರ ಕೆಲಸವೇ. ಒಂದು ಶಾಲೆಯಿಂದ ಇನ್ನೊಂದು ಶಾಲೆ, ಹೀಗೆ ಏಳು ವರ್ಷ. ಜನರೊಂದಿಗೆ ಬೆರೆಯುವ ಸ್ವಭಾವ ಅಷ್ಟಿಲ್ಲದಿದ್ದರೂ ಪಾಠ ಚೆನ್ನಾಗಿ ಮಾಡುತ್ತಿದ್ದರು. ಗಣಿತವನ್ನು ಮಾತ್ರ ಕೈಬಿಡಲಿಲ್ಲ. ವಿಶ್ವವಿದ್ಯಾಲಯ ಇಟ್ಟಿದ್ದ ಒಂದು ಬಹುಮಾನದ ಪ್ರಶ್ನೆಗೆ ಉತ್ತರ ಬರೆದು 1904ರಲ್ಲಿ ಮೆಚ್ಚುಗೆ ಪಡೆದರು. ಡೇನಿಶ್ ಗಣಿತಜ್ಞರ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು.

ಅಲ್ಲಿ ಪರಿಚಯವಾದವರು ಯೊಹಾನ್ ಜೆನ್ಸನ್. ಗಣಿತ ಓದುವವರಿಗೆ ಜೆನ್ಸನ್ ಅಸಮತೆ ಗೊತ್ತಿರುತ್ತದೆ, ಅದೇ ಜೆನ್ಸನ್. ಆದರೆ ಈತ ಯಾವ ಕಾಲೇಜಿನಲ್ಲೂ ಪ್ರಾಧ್ಯಾಪಕನಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಮುಖ್ಯ ಎಂಜಿನಿಯರ್, ಗಣಿತ ಅವರ ಬಿಡುವಿನ ಕೆಲಸ. ಕಂಪನಿಗೆ ಆಗ ಒಂದು ತಲೆನೋವಿತ್ತು. ಕರೆಗಳು ಯಾವಾಗ ಬರುತ್ತವೆ, ಎಷ್ಟು ಹೊತ್ತು ನಡೆಯುತ್ತವೆ ಎಂದು ಯಾರಿಗೂ ಗೊತ್ತಿಲ್ಲ. ಹಾಗಿರುವಾಗ ಎಷ್ಟು ಲೈನ್ ಹಾಕಬೇಕು, ಸ್ವಿಚ್‌ಬೋರ್ಡಿನ ಮುಂದೆ ಎಷ್ಟು ಜನ ಆಪರೇಟರುಗಳನ್ನು ಕೂರಿಸಬೇಕು? ಕಡಿಮೆಯಾದರೆ ಗಿರಾಕಿ ಬೈಯುತ್ತಾನೆ, ಹೆಚ್ಚಾದರೆ ಕಂಪನಿ ಮುಳುಗುತ್ತದೆ. ಸಂಭವನೀಯತೆಯ ಗಣಿತ ಬಲ್ಲವನೊಬ್ಬ ಬೇಕಿತ್ತು. 1908ರಲ್ಲಿ ಎರ್ಲಾಂಗ್ ಆ ಕಂಪನಿಗೆ ಸೇರಿದರು. ಆಗ ಅವರಿಗೆ ಮೂವತ್ತು ವರ್ಷ.

ಸೇರಿದ್ದು ಪ್ರಯೋಗಾಲಯದ ಮುಖ್ಯಸ್ಥರಾಗಿ. ಹೆಸರು ದೊಡ್ಡದು, ಆದರೆ ಪ್ರಯೋಗಾಲಯದಲ್ಲಿ ಮೊದಮೊದಲು ಸಹಾಯಕರೇ ಇರಲಿಲ್ಲ. ನೆಲದಡಿಯ ಕೇಬಲ್‌ಗಳ ಬಳಿ ಸೋರುವ ವಿದ್ಯುತ್ತನ್ನು ಅಳೆಯುವ ಕೆಲಸ ಬಂದರೆ ಸ್ವತಃ ಹೊರಡಬೇಕು. ಏಣಿ ಹೊತ್ತ ಕೆಲಸಗಾರನೊಬ್ಬನ ಜೊತೆ ಕೋಪನ್‌ಹೇಗನ್ ಬೀದಿಗಳಲ್ಲಿ ನಡೆಯುತ್ತ, ಮ್ಯಾನ್‌ಹೋಲ್ ಕಂಡಲ್ಲಿ ಏಣಿ ಇಳಿಸಿ ಒಳಗಿಳಿಯುವ ಗಣಿತಜ್ಞ ಆ ಊರಿನವರಿಗೆ ಪರಿಚಿತ ದೃಶ್ಯವಾಗಿದ್ದರು. ಪೆನ್ನು ಕಾಗದದ ಲೆಕ್ಕದವನು ಎಂದುಕೊಂಡಿದ್ದ ನನಗೆ ಇದು ಗೊತ್ತಾದಾಗ, ಲ್ಯಾಬ್‌ನಲ್ಲಿ ಎಸಿ ಕೆಲಸ ಮಾಡುತ್ತಿಲ್ಲ ಎಂದು ನಾವು ಬರೆದ ಅರ್ಜಿ ನೆನಪಾಯಿತು.

ಮರುವರ್ಷವೇ, ಅಂದರೆ 1909ರಲ್ಲಿ, ಮೊದಲ ದೊಡ್ಡ ಬರಹ ಬಂತು. ಪರಸ್ಪರ ಸಂಬಂಧವಿಲ್ಲದ ಸಾವಿರಾರು ಜನ ತಮ್ಮಷ್ಟಕ್ಕೆ ತಾವು ಫೋನ್ ಎತ್ತಿಕೊಂಡರೆ, ಒಂದು ನಿರ್ದಿಷ್ಟ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆ ಪಾಯ್ಸನ್ ನಿಯಮವನ್ನು ಪಾಲಿಸುತ್ತದೆ ಎಂದು ಅದರಲ್ಲಿ ತೋರಿಸಿದರು. ಯಾರು ಯಾವಾಗ ಮಾಡುತ್ತಾರೆ ಎಂದು ಹೇಳಲಾಗದು, ಎಲ್ಲರೂ ಸೇರಿ ಹೇಗೆ ಮಾಡುತ್ತಾರೆ ಎಂದು ಹೇಳಬಹುದು. 1917ರ ಬರಹ ಇನ್ನೂ ದೊಡ್ಡದು. ನಮ್ಮ ಪಠ್ಯಪುಸ್ತಕದ ಸೂತ್ರ ಹುಟ್ಟಿದ್ದು ಅಲ್ಲಿ.

ಅದರ ಸ್ವಾರಸ್ಯ ಒಂದು ಉದಾಹರಣೆಯಲ್ಲಿ ತಿಳಿಯುತ್ತದೆ. ಗಂಟೆಗೆ ಸರಾಸರಿ 60 ಕರೆ, ಒಂದೊಂದೂ ಸರಾಸರಿ 2 ನಿಮಿಷ ಎಂದುಕೊಳ್ಳಿ. ಒಟ್ಟು 120 ನಿಮಿಷದ ಮಾತು ಒಂದು ಗಂಟೆಯೊಳಗೆ ಬರುತ್ತದೆ. ಇದೇ 2 ಎರ್ಲಾಂಗ್. ಎರಡು ಗಂಟೆಯ ಮಾತಿಗೆ ಎರಡು ಲೈನ್ ಸಾಕಲ್ಲ ಎಂದು ಬಾಯಿಲೆಕ್ಕ ಹೇಳುತ್ತದೆ. ಸೂತ್ರಕ್ಕೆ ಹಾಕಿ ನೋಡಿದರೆ 100ರಲ್ಲಿ 40 ಕರೆಗಳಿಗೆ ಲೈನ್ ಸಿಗುವುದಿಲ್ಲ! ಏಕೆಂದರೆ ಕರೆಗಳು ಬಸ್ಸಿನ ಕ್ಯೂನಂತೆ ಸಾಲಾಗಿ ಬರುವುದಿಲ್ಲ. ಒಮ್ಮೆ ಮುಗಿಬೀಳುತ್ತವೆ, ಒಮ್ಮೆ ಒಂದೂ ಇರುವುದಿಲ್ಲ. 4 ಲೈನ್ ಹಾಕಿದರೂ ಸುಮಾರು 10 ಕರೆ ವಾಪಸ್. 6 ಹಾಕಿದ ಮೇಲೆ ಅದು ಒಂದಕ್ಕೆ ಇಳಿಯುತ್ತದೆ. ಇನ್ನೊಂದು ಲೆಕ್ಕ ನಮ್ಮ ಕಾಲದ್ದು. 2ಜಿ ಟವರಿನ ಒಂದು ಕ್ಯಾರಿಯರ್‌ನಲ್ಲಿ 8 ಸ್ಲಾಟ್, ಒಂದು ನಿಯಂತ್ರಣಕ್ಕೆ ಹೋದರೆ ಮಾತಿಗೆ 7. ನೂರಕ್ಕೆ ಎರಡು ಕರೆ ವಾಪಸಾದರೆ ಪರವಾಗಿಲ್ಲ ಎಂದಿಟ್ಟುಕೊಂಡರೆ ಆ 7 ಚಾನೆಲ್‌ಗಳು ಹೊರುವುದು 2.94 ಎರ್ಲಾಂಗ್. 14 ಚಾನೆಲ್ ಕೊಟ್ಟರೆ 8.2. ಚಾನೆಲ್ ಎರಡು ಪಟ್ಟು, ಹೊರುವ ಮಾತು ಹತ್ತಿರಹತ್ತಿರ ಎರಡೂಮುಕ್ಕಾಲು ಪಟ್ಟು. ಒಟ್ಟಿಗೆ ಇಟ್ಟದ್ದಕ್ಕೆ ಬಲ ಹೆಚ್ಚು ಎಂಬುದನ್ನು ಹೀಗೆ ಅಂಕಿಯಲ್ಲಿ ತೋರಿಸಿದವರು ಎರ್ಲಾಂಗ್.

ಈ ಸೂತ್ರ ತಲುಪಲು ಅವರು ಹಿಡಿದ ದಾರಿ ಕೆರೆಯ ಲೆಕ್ಕದಂಥದು. ಒಳಹರಿವು ಇದೆ, ತೂಬಿನಿಂದ ಹೊರಹರಿವು ಇದೆ, ತುಂಬಿದ ಮೇಲೆ ಬಂದದ್ದು ಕೋಡಿಯಲ್ಲಿ ಹೋಗುತ್ತದೆ. ಬಹಳ ಕಾಲ ನಡೆದ ಮೇಲೆ, ಮೂರು ಜನ ಮಾತಾಡುತ್ತಿರುವ ಸ್ಥಿತಿಯಿಂದ ನಾಲ್ಕಕ್ಕೆ ಏರುವುದು ಎಷ್ಟು ಸಲವೋ ನಾಲ್ಕರಿಂದ ಮೂರಕ್ಕೆ ಇಳಿಯುವುದೂ ಅಷ್ಟೇ ಸಲ. ಈ ಸಮತೋಲನವನ್ನು ಬರೆದುಕೊಂಡರೆ ಸೂತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಮನಿಸಿ, ಬಹಳ ಕಾಲ ನಡೆದ ಮೇಲೆ. ಎರ್ಲಾಂಗರ ಎಕ್ಸ್‌ಚೇಂಜಿಗೆ ಉದ್ಘಾಟನೆಯ ದಿನವಿಲ್ಲ, ಬೀಗ ಹಾಕುವ ಸಮಯವಿಲ್ಲ. ಅದರ ಕಾಲಕ್ಕೆ ಅಂಚೇ ಇಲ್ಲ.

ನಮ್ಮ ಒಂಟಿ ಸೆಲ್ ಪಟ್ಟಿಗೆ ತಾಳೆಯಾಗದೇ ಇದ್ದದ್ದು ಇದರಿಂದಲೇ. ನಮ್ಮ ಪ್ರೋಗ್ರಾಂ ಶುರುವಾಗುವಾಗ ಎಲ್ಲ ಚಾನೆಲ್‌ಗಳೂ ಖಾಲಿ. ಮೊದಲ ಹತ್ತಾರು ಕರೆಗಳಿಗೆ ಇಲ್ಲ ಎನ್ನುವ ಪ್ರಶ್ನೆಯೇ ಇಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಎಲ್ಲರಿಗೂ ಸೀಟು ಸಿಕ್ಕಿತೆಂದು ಇಡೀ ದಿನದ ಲೆಕ್ಕ ಬರೆದಂತೆ, ಆ ಆರಂಭದ ನಿಮಿಷಗಳನ್ನೂ ಸೇರಿಸಿ ಸರಾಸರಿ ತೆಗೆದಿದ್ದೆವು. ಆರಂಭದ ಭಾಗವನ್ನು ಎಣಿಕೆಯಿಂದ ಬಿಟ್ಟು, ಪ್ರೋಗ್ರಾಂ ಅನ್ನು ಇನ್ನಷ್ಟು ಹೊತ್ತು ಓಡಿಸಿದಾಗ ನಮ್ಮ ಅಂಕಿ ಪಟ್ಟಿಯ ಅಂಕಿಗೆ ಬಂದು ಕೂತಿತು. ಅಷ್ಟಕ್ಕೇ ಅಂದು ಮೆಸ್ಸಿನಲ್ಲಿ ನಾಲ್ವರೂ ಒಂದೊಂದು ಜಾಮೂನು ಹೆಚ್ಚಿಗೆ ತಿಂದೆವು.

ಎರ್ಲಾಂಗರ ಬರಹಗಳು ಬಹಳ ಅಡಕ. ಎಷ್ಟೋ ಕಡೆ ಸಾಧನೆಯ ಹೆಜ್ಜೆಗಳನ್ನು ಬಿಟ್ಟು ನೇರ ಉತ್ತರ ಕೊಡುತ್ತಾರೆ. ಆದರೂ ಅವು ಡೆನ್ಮಾರ್ಕಿನ ಗಡಿ ದಾಟಿದವು. ಬ್ರಿಟಿಷ್ ಪೋಸ್ಟ್ ಆಫೀಸ್, ಆಗ ಅಲ್ಲಿನ ಫೋನ್ ವ್ಯವಸ್ಥೆ ಅವರ ಕೈಯಲ್ಲಿತ್ತು, ಈ ಸೂತ್ರವನ್ನು ತನ್ನ ಲೆಕ್ಕಕ್ಕೆ ಬಳಸಿಕೊಂಡಿತು. ಅಮೆರಿಕದ ಬೆಲ್ ಲ್ಯಾಬ್ಸ್‌ನ ಸಂಶೋಧಕರೊಬ್ಬರು ಇವರ ಬರಹಗಳನ್ನು ಮೂಲದಲ್ಲೇ ಓದಲೆಂದು ಡೇನಿಶ್ ಭಾಷೆ ಕಲಿತರೆಂದು ಹೇಳುತ್ತಾರೆ. ಅದೇ 1917ರ ಬರಹದಲ್ಲಿ ಕರೆಯನ್ನು ವಾಪಸ್ ಕಳುಹಿಸದೆ ಕಾಯಿಸಿದರೆ ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕವೂ ಇದೆ. ಇವತ್ತು ಕಾಲ್ ಸೆಂಟರುಗಳಲ್ಲಿ ಯಾವ ಶಿಫ್ಟಿಗೆ ಎಷ್ಟು ಜನ ಬೇಕು ಎಂದು ತೀರ್ಮಾನಿಸುವುದು ಅದೇ ಲೆಕ್ಕದಿಂದ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ನನ್ನ ಅಕ್ಕನ ರೋಸ್ಟರ್ ಹಿಂದೆಯೂ ಎರ್ಲಾಂಗ್ ಇದ್ದಾರೆಂದರೆ ಅವಳು ನಂಬಲಿಲ್ಲ.

ಮದುವೆಯಾಗಲಿಲ್ಲ. ತಡರಾತ್ರಿಯವರೆಗೆ ಕೆಲಸ. ಗಣಿತ, ಖಗೋಳ, ಭೌತ ವಿಜ್ಞಾನದ ಪುಸ್ತಕಗಳ ದೊಡ್ಡ ಸಂಗ್ರಹ ಕೂಡಿಹಾಕಿದ್ದರು. ಕಷ್ಟದಲ್ಲಿದ್ದವರು ಪ್ರಯೋಗಾಲಯಕ್ಕೇ ಹುಡುಕಿಕೊಂಡು ಬರುತ್ತಿದ್ದರು, ಅವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. ಸುಮಾರು ಇಪ್ಪತ್ತು ವರ್ಷದ ನೌಕರಿಯಲ್ಲಿ ಕಾಯಿಲೆಯೆಂದು ಒಂದು ದಿನವೂ ರಜೆ ಹಾಕಿರಲಿಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಕೆಲವೇ ದಿನಗಳಲ್ಲಿ, ಫೆಬ್ರುವರಿ 3ರ ಭಾನುವಾರ ತೀರಿಕೊಂಡರು. ವಯಸ್ಸು 51.

1946ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿ ಫೋನ್ ದಟ್ಟಣೆಯ ಅಳತೆಗೆ ಅವರ ಹೆಸರಿಟ್ಟಿತು. ಮರುವರ್ಷದ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ರಿಂಗ್, ಊರನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಹಂಚಿ ಅವೇ ತರಂಗಾಂತರಗಳನ್ನು ದೂರದ ಸೆಲ್‌ಗಳಲ್ಲಿ ಮತ್ತೆ ಬಳಸುವ ಯೋಚನೆಯನ್ನು ಟಿಪ್ಪಣಿಯಾಗಿ ಬರೆದರು. ಎರ್ಲಾಂಗ್ ಇದನ್ನು ನೋಡಲಿಲ್ಲ. ಅವರ ಚಂದಾದಾರ ಗೋಡೆಯ ಫೋನಿನ ಮುಂದೆ ನಿಂತೇ ಮಾತು ಮುಗಿಸುತ್ತಿದ್ದ. ನಮ್ಮವನು ಮಾತಾಡುತ್ತ ನಡೆಯುತ್ತಾನೆ, ಬೈಕ್ ಹತ್ತುತ್ತಾನೆ. ಆಗ ಒಂದು ಸೆಲ್‌ನ ದಟ್ಟಣೆ ಪಕ್ಕದ ಸೆಲ್‌ಗಳನ್ನು ಅವಲಂಬಿಸುತ್ತದೆ, ಅವು ತಮ್ಮ ಪಕ್ಕದವನ್ನು. ಒಂದೇ ಸಾಲಿನ ಸೂತ್ರ ಸಾಲದೆ ಸಿಮ್ಯುಲೇಶನ್ ಬೇಕಾಗುವುದು ಇಲ್ಲಿ. ಮತ್ತು ನಮ್ಮ ಎರಡನೆಯ, ದೊಡ್ಡ ತಪ್ಪು ಇದ್ದದ್ದೂ ಇಲ್ಲೇ.

ಏಳು ಷಟ್ಕೋನಗಳ ಚಿತ್ರ ಬರೆದು ನೋಡಿ. ನಡುವಿನ ಒಂದಕ್ಕೆ ಮಾತ್ರ ಆರು ನೆರೆಹೊರೆ, ಸುತ್ತಲಿನ ಆರಕ್ಕೂ ಮೂರು ಮೂರೇ. ಅಂದರೆ ಏಳರಲ್ಲಿ ಆರು ಸೆಲ್‌ಗಳು ಅಂಚಿನವು! ಅಂಚಿನ ಆಚೆ ಟವರೇ ಇಲ್ಲ, ಆದ್ದರಿಂದ ಆ ಕಡೆಯಿಂದ ಯಾರೂ ಮಾತಾಡುತ್ತ ಒಳಗೆ ಬರುವುದಿಲ್ಲ, ಆ ಕಡೆಯ ಟವರಿನ ಅಡಚಣೆಯೂ ಇಲ್ಲ. ಹೊರಗೆ ಹೋದವರನ್ನು ನಮ್ಮ ಪ್ರೋಗ್ರಾಂ ಮಾತು ಮುಗಿಸಿದವರೆಂದು ಬರೆದುಕೊಂಡಿತ್ತು. ನಿಜವಾದ ಊರಿನಲ್ಲಿ ಅವರಲ್ಲಿ ಎಷ್ಟೋ ಜನರ ಕರೆ ಮುಂದಿನ ಸೆಲ್‌ನಲ್ಲಿ ಕಟ್ ಆಗಿರುತ್ತಿತ್ತು. ನಾವು ಹೆಮ್ಮೆಪಟ್ಟ ಅಂಕಿ, ಜಾಲದ ಒಳ್ಳೆಯತನವಲ್ಲ, ಚಿತ್ರದ ಸಣ್ಣತನ. ಅಂಥ ಅಂಕಿಯನ್ನು ನಂಬಿ ಯಾರಾದರೂ ನಿಜವಾಗಿ ಟವರ್ ಹಾಕಿದರೆ ಆಂಬುಲೆನ್ಸಿಗೆ ಮಾಡಿದ ಕರೆಯೂ ಕಟ್ ಆಗಬಹುದು.

ಒಂದು ಪರಿಹಾರ ನಮ್ಮ ಹೊಲದಲ್ಲೇ ಇದೆ. ಕೃಷಿ ಪ್ರಯೋಗದ ತಾಕುಗಳಲ್ಲಿ ಬದುವಿನ ಪಕ್ಕದ ಸಾಲುಗಳಿಗೆ ಬಿಸಿಲು ಗಾಳಿ ಬೇರೆಯೇ ಸಿಗುತ್ತದೆಂದು ಅವನ್ನು ಬಿಟ್ಟು ಒಳಗಿನ ಸಾಲುಗಳ ಇಳುವರಿಯನ್ನಷ್ಟೇ ಅಳೆಯುತ್ತಾರೆ. ಹಾಗೆಯೇ 19 ಸೆಲ್ ಇಟ್ಟು, ಹೊರಸುತ್ತಿನ 12ನ್ನು ಲೆಕ್ಕಕ್ಕೆ ಹಿಡಿಯದೆ ಒಳಗಿನ 7ರಿಂದ ಮಾತ್ರ ಅಂಕಿ ತೆಗೆಯಬಹುದು. ಸುಲಭ, ಆದರೆ ಕಂಪ್ಯೂಟರಿನ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥ. ಹೊರಹೋಗುವವನನ್ನು ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಕಳುಹಿಸುವ ಉಪಾಯವೂ ಇದೆ, ಅದರಲ್ಲಿ ನಡೆದಾಟ ಸರಿಹೋದರೂ ಆಚೆ ಟವರ್ ಇಲ್ಲದ ಕೊರತೆ ಉಳಿಯುತ್ತದೆ. ನಾವು ಹಿಡಿದದ್ದು ಮೂರನೆಯದು. ಹಳೆಯ ನೋಕಿಯಾ ಫೋನಿನ ಆಟದಲ್ಲಿ ಹಾವು ಎಡಗಡೆ ಒಳಹೊಕ್ಕು ಬಲಗಡೆಯಿಂದ ಹೊರಬರುತ್ತಿತ್ತಲ್ಲ, ಹಾಗೆ. 19 ಸೆಲ್‌ಗಳ ನಕ್ಷೆಯ ಸುತ್ತ ಅದರದೇ ಆರು ಪ್ರತಿಗಳನ್ನು ಅಂಟಿಸಿದಂತೆ ಭಾವಿಸಬೇಕು. ಒಂದು ಅಂಚಿನಿಂದ ಹೊರಟವನು ಎದುರು ಅಂಚಿನಿಂದ ಒಳಗೆ ಬರುತ್ತಾನೆ, ಅವನ ಕರೆಯೂ ಜೊತೆಗೇ ಬರುತ್ತದೆ. ಅಡಚಣೆ ಲೆಕ್ಕ ಹಾಕುವಾಗ ಪ್ರತಿ ಟವರಿನ ಏಳು ಸ್ಥಾನಗಳಲ್ಲಿ ಹತ್ತಿರದ್ದನ್ನು ತೆಗೆದುಕೊಳ್ಳಬೇಕು. ಆಗ ಎಲ್ಲ ಸೆಲ್‌ಗೂ ಆರು ನೆರೆಹೊರೆ. ಸರಾಸರಿಯಲ್ಲಿ ಪ್ರತಿ ಸೆಲ್‌ನಿಂದ ಎಷ್ಟು ಕರೆ ಹೊರಗೆ ನಡೆಯುತ್ತವೋ ಅಷ್ಟೇ ಒಳಗೆ ಬರುತ್ತವೆ. ಎರ್ಲಾಂಗ್ ಕಾಲಕ್ಕೆ ಬರೆದ ಸಮತೋಲನ ನಮ್ಮ ಜಾಗಕ್ಕೂ ಬಂದಂತಾಯಿತು.

ಇದನ್ನು ಬರೆಯಲು ಎರಡು ವಾರ ಹಿಡಿಯಿತು. ಹತ್ತಿರದ ಟವರ್ ಹುಡುಕುವ ಸಾಲಿನಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿ ಮೂರು ದಿನ ಹೋಯಿತು. ಪ್ರತಿ ಬದಲಾವಣೆಯ ನಂತರ ಮತ್ತೆ ಎಲ್ಲರ ನಡಿಗೆ ನಿಲ್ಲಿಸಿ, ಸೆಲ್‌ಗಳು ಒಂದೊಂದಾಗಿ ಪಟ್ಟಿಗೆ ತಾಳೆಯಾಗುತ್ತವೆಯೇ ಎಂದು ನೋಡುತ್ತಿದ್ದೆವು. ಕೊನೆಗೆ ಎಲ್ಲರನ್ನೂ ನಡೆಯಲು ಬಿಟ್ಟು ಓಡಿಸಿದಾಗ ಕಾಲ್ ಡ್ರಾಪ್ ಪ್ರಮಾಣ ಮೊದಲಿಗಿಂತ ಎಷ್ಟೋ ಮೇಲೆ ಹೋಗಿತ್ತು. ಗ್ರಾಫ್ ಈಗ ಅಷ್ಟು ಚಂದವಿರಲಿಲ್ಲ. ಮೇಡಂ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ವರದಿಯಲ್ಲಿ ಎರಡನ್ನೂ ಹಾಕುವಂತೆ ಹೇಳಿ, ಹೊಸದರ ಕೆಳಗೆ ಸಹಿ ಮಾಡಿದರು.